ಜಪಾನಿನಲ್ಲಿ ವಿದೇಶಿ ಇಂಗ್ಲಿಷ್ ಶಿಕ್ಷಕರು

ಜಪಾನಿನಲ್ಲಿ ವಿದೇಶಿ ಇಂಗ್ಲಿಷ್ ಶಿಕ್ಷಕರು ಎಂಬುದು ಜಪಾನಿನ ಶಾಲೆ, ವಿಶ್ವವಿದ್ಯಾಲಯ ಮತ್ತು ಖಾಸಗಿ ಭಾಷಾ ತರಬೇತಿ ಸಂಸ್ಥೆಗಳಲ್ಲಿ ಇಂಗ್ಲಿಷ್ ಕಲಿಸುವ ಸಲುವಾಗಿ ಹೊರದೇಶಗಳಿಂದ ಬಂದು ನೆಲೆಸುವ ಶಿಕ್ಷಕರ ಸಮುದಾಯವನ್ನು ಸೂಚಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆರಂಭವಾದ ಈ ಪರಂಪರೆಯು 1987ರಲ್ಲಿ ಜಪಾನ್ ಸರ್ಕಾರವು ಜೆಟ್ ಕಾರ್ಯಕ್ರಮವನ್ನು ಪ್ರಾರಂಭಿಸಿದ ನಂತರ ವ್ಯಾಪಕವಾಯಿತು. ವಿದೇಶದಲ್ಲಿ ಇಂಗ್ಲಿಷ್ ಬೋಧಿಸಬಯಸುವ ಪದವೀಧರರು ಹೆಚ್ಚಾಗಿ ಆಯ್ದುಕೊಳ್ಳುವ ದೇಶಗಳಲ್ಲಿ ಜಪಾನ್ ಒಂದಾಗಿದೆ. ಈ ಶಿಕ್ಷಕರಲ್ಲಿ ಹೆಚ್ಚಿನವರು ಒಂದು ವರ್ಷದ ಗುತ್ತಿಗೆಯ ಮೇಲೆ ನೇಮಕಗೊಳ್ಳುತ್ತಾರೆ. ವೀಸಾ, ವಸತಿ ಮತ್ತು ವಿಮೆಗಳು ಉದ್ಯೋಗದೊಂದಿಗೆ ಬೆಸೆದುಕೊಂಡಿರುವುದರಿಂದ, ಉದ್ಯೋಗದ ಅಭದ್ರತೆಯು ಈ ವೃತ್ತಿಯ ಪ್ರಮುಖ ಸಮಸ್ಯೆಯೆಂದು ಪರಿಗಣಿಸಲ್ಪಟ್ಟಿದೆ.

ಇತಿಹಾಸ

ಆರಂಭಿಕ ಕಾಲ

ಜಪಾನಿನಲ್ಲಿ ಇಂಗ್ಲಿಷ್ ಕಲಿಸಿದ ಮೊದಲ ಇಂಗ್ಲಿಷ್ ಮಾತೃಭಾಷಿಕನೆಂದು ಸಾಮಾನ್ಯವಾಗಿ ರಾನಲ್ಡ್ ಮ್ಯಾಕ್‌ಡೊನಾಲ್ಡ್‌ನನ್ನು ಹೆಸರಿಸಲಾಗುತ್ತದೆ. 1824ರಲ್ಲಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಆಸ್ಟೋರಿಯಾದಲ್ಲಿ ಜನಿಸಿದ ಈತನ ತಂದೆ ಸ್ಕಾಟ್ಲೆಂಡಿನವನು, ತಾಯಿ ಚಿನೂಕ್ ಬುಡಕಟ್ಟಿನವಳು. ವಿದೇಶಿಯರ ಪ್ರವೇಶಕ್ಕೆ ಕಟ್ಟುನಿಟ್ಟಿನ ನಿಷೇಧವಿದ್ದ 1848ರಲ್ಲಿ ಈತನು ತಿಮಿಂಗಿಲ ಬೇಟೆಯ ಹಡಗಿನಿಂದ ಚಿಕ್ಕ ದೋಣಿಯೊಂದರಲ್ಲಿ ಹೊರಟು ಹೊಕ್ಕೈಡೊ ಬಳಿಯ ದ್ವೀಪವನ್ನು ತಲುಪಿದನು. ಬಂಧಿತನಾಗಿ ನಾಗಾಸಾಕಿಗೆ ಒಯ್ಯಲ್ಪಟ್ಟ ಈತನು ಅಲ್ಲಿ ಸೆರೆಯಲ್ಲಿದ್ದುಕೊಂಡೇ 14 ಮಂದಿ ಜಪಾನಿ ದುಭಾಷಿಗಳಿಗೆ ಇಂಗ್ಲಿಷ್ ಪಾಠ ಹೇಳಿದನು. 1849ರಲ್ಲಿ ಅಮೆರಿಕದ ಯುದ್ಧನೌಕೆಯೊಂದು ಈತನನ್ನು ಕರೆದೊಯ್ದಿತು. ಈತನ ಶಿಷ್ಯರಲ್ಲಿ ಒಬ್ಬನಾದ ಮೊರಿಯಾಮಾ ಐನೊಸುಕೆಯು ಮುಂದೆ ಅಮೆರಿಕದ ನೌಕಾಧಿಪತಿ ಪೆರಿಯೊಂದಿಗೆ ನಡೆದ ಮಾತುಕತೆಗಳಲ್ಲಿ ದುಭಾಷಿಯಾಗಿ ಕಾರ್ಯನಿರ್ವಹಿಸಿದನು.

ಮೇಜಿ ಯುಗ

1868ರ ಮೇಜಿ ಪುನಃಸ್ಥಾಪನೆಯ ಬಳಿಕ ಜಪಾನ್ ಸರ್ಕಾರವು ಪಾಶ್ಚಾತ್ಯ ಜ್ಞಾನವನ್ನು ಶೀಘ್ರವಾಗಿ ಪಡೆಯುವ ಉದ್ದೇಶದಿಂದ ವಿದೇಶಿ ತಜ್ಞರನ್ನು ಹೆಚ್ಚಿನ ಸಂಬಳಕ್ಕೆ ನೇಮಿಸಿಕೊಂಡಿತು. ಇವರನ್ನು 'ಓ-ಯಾತೊಯಿ ಗೈಕೊಕುಜಿನ್' (ಬಾಡಿಗೆಗೆ ಪಡೆದ ವಿದೇಶಿಯರು) ಎಂದು ಕರೆಯಲಾಗುತ್ತಿತ್ತು. ಎಂಜಿನಿಯರ್, ವೈದ್ಯ ಮತ್ತು ನ್ಯಾಯತಜ್ಞರ ಜೊತೆಗೆ ಶಿಕ್ಷಕರೂ ಈ ಗುಂಪಿನಲ್ಲಿದ್ದರು. 1859ರಲ್ಲಿ ನಾಗಾಸಾಕಿಗೆ ಬಂದ ಧರ್ಮಪ್ರಚಾರಕ ಗೈಡೊ ವರ್ಬೆಕ್, 1871ರಲ್ಲಿ ಫುಕುಯಿಯಲ್ಲಿ ವಿಜ್ಞಾನ ಬೋಧಿಸಿದ ವಿಲಿಯಂ ಎಲಿಯಟ್ ಗ್ರಿಫಿಸ್ ಮತ್ತು 1876ರಲ್ಲಿ ಸಪ್ಪೊರೊ ಕೃಷಿ ಕಾಲೇಜಿನ ಆರಂಭಕ್ಕೆ ನೆರವಾದ ವಿಲಿಯಂ ಎಸ್. ಕ್ಲಾರ್ಕ್ ಇವರಲ್ಲಿ ಪ್ರಮುಖರು. ಆ ಕಾಲದಲ್ಲಿ ಉನ್ನತ ಶಿಕ್ಷಣದ ಅನೇಕ ವಿಷಯಗಳನ್ನು ಇಂಗ್ಲಿಷಿನಲ್ಲಿಯೇ ಕಲಿಸಲಾಗುತ್ತಿದ್ದುದರಿಂದ, ಭಾಷಾ ಶಿಕ್ಷಕ ಮತ್ತು ವಿಷಯ ಶಿಕ್ಷಕರ ನಡುವೆ ಸ್ಪಷ್ಟವಾದ ಗೆರೆ ಇರಲಿಲ್ಲ.

ಈ ಪರಂಪರೆಯ ಅತ್ಯಂತ ಪ್ರಸಿದ್ಧ ವ್ಯಕ್ತಿ ಲಫ್ಕಾಡಿಯೊ ಹರ್ನ್ (1850–1904). ಗ್ರೀಸಿನ ಲೆಫ್ಕಾಡಾ ದ್ವೀಪದಲ್ಲಿ ಜನಿಸಿ, ಐರ್ಲೆಂಡಿನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಕರ್ತನಾಗಿದ್ದ ಹರ್ನ್ 1890ರಲ್ಲಿ ಜಪಾನಿಗೆ ಬಂದು ಮಾತ್ಸುಎ ಪಟ್ಟಣದ ಮಾಧ್ಯಮಿಕ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕನಾದನು. ಮರುವರ್ಷ ಕುಮಾಮೊತೊದ ಐದನೆಯ ಉನ್ನತ ಶಾಲೆಗೆ ತೆರಳಿದನು. ಮಾತ್ಸುಎಯ ಸಮುರಾಯ್ ಮನೆತನದ ಕೊಯಿಜುಮಿ ಸೆತ್ಸುಳನ್ನು ವಿವಾಹವಾಗಿ, 1896ರಲ್ಲಿ ಜಪಾನಿನ ಪೌರತ್ವವನ್ನು ಪಡೆದು ಕೊಯಿಜುಮಿ ಯಾಕುಮೊ ಎಂಬ ಹೆಸರನ್ನು ಸ್ವೀಕರಿಸಿದನು. ಅದೇ ವರ್ಷದಿಂದ ಟೋಕಿಯೊ ಸಾಮ್ರಾಜ್ಯಶಾಹಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದನು. 1903ರಲ್ಲಿ ವಿಶ್ವವಿದ್ಯಾಲಯವು ಆತನ ಸೇವೆಯನ್ನು ಮುಂದುವರಿಸದಿರಲು ನಿರ್ಧರಿಸಿದಾಗ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಆತನ ಸ್ಥಾನಕ್ಕೆ ಬಂದವರಲ್ಲಿ ಲಂಡನ್ನಿನಿಂದ ಆಗಷ್ಟೇ ಮರಳಿದ್ದ ನಾತ್ಸುಮೆ ಸೊಸೆಕಿಯೂ ಒಬ್ಬನು. ಈತನು ಮುಂದೆ ಆಧುನಿಕ ಜಪಾನಿನ ಮಹತ್ವದ ಕಾದಂಬರಿಕಾರನಾದನು.

ಹರ್ನ್‌ನ ನಿರ್ಗಮನವು ವಿಶಾಲವಾದ ಒಂದು ಬದಲಾವಣೆಯ ಭಾಗವಾಗಿತ್ತು. ವಿದೇಶದಲ್ಲಿ ಅಭ್ಯಾಸ ಮಾಡಿ ಬಂದ ಜಪಾನಿಯರು ಲಭ್ಯರಾದಂತೆ, ದುಬಾರಿ ವಿದೇಶಿ ಶಿಕ್ಷಕರ ಹುದ್ದೆಗಳು ಅವರಿಗೆ ದೊರೆತವು. ವಿದೇಶಿ ಶಿಕ್ಷಕನನ್ನು ಅಗತ್ಯವಿರುವವರೆಗೆ ಮಾತ್ರ ಇರಿಸಿಕೊಳ್ಳಬೇಕೆಂಬ ಧೋರಣೆಯು ಇಂದಿನ ಗುತ್ತಿಗೆ ಪದ್ಧತಿಯಲ್ಲಿಯೂ ಮುಂದುವರಿದಿದೆ ಎಂಬುದು ಹಲವು ವಿಮರ್ಶಕರ ಅಭಿಪ್ರಾಯ.

ಇಪ್ಪತ್ತನೆಯ ಶತಮಾನ

1922ರಲ್ಲಿ ಜಪಾನ್ ಶಿಕ್ಷಣ ಇಲಾಖೆಯ ಭಾಷಾ ಸಲಹೆಗಾರನಾಗಿ ಬಂದ ಬ್ರಿಟಿಷ್ ಭಾಷಾತಜ್ಞ ಹೆರಾಲ್ಡ್ ಇ. ಪಾಮರ್, ಮರುವರ್ಷ ಇಂಗ್ಲಿಷ್ ಬೋಧನಾ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದನು. ವ್ಯಾಕರಣ ಮತ್ತು ಭಾಷಾಂತರಕ್ಕೆ ಸೀಮಿತವಾಗಿದ್ದ ಬೋಧನೆಯಲ್ಲಿ ಮೌಖಿಕ ವಿಧಾನಕ್ಕೆ ಆದ್ಯತೆ ನೀಡಬೇಕೆಂದು ಪ್ರತಿಪಾದಿಸಿದ ಪಾಮರ್ 1936ರಲ್ಲಿ ಸ್ವದೇಶಕ್ಕೆ ಮರಳಿದನು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಇಂಗ್ಲಿಷ್ 'ಶತ್ರುವಿನ ಭಾಷೆ' ಎನಿಸಿಕೊಂಡು ಅದರ ಬೋಧನೆ ಕುಗ್ಗಿತು. ಯುದ್ಧಾನಂತರದ ಶಿಕ್ಷಣ ಸುಧಾರಣೆಗಳೊಂದಿಗೆ ಇಂಗ್ಲಿಷ್ ಮತ್ತೆ ಮಾಧ್ಯಮಿಕ ಶಾಲೆಗಳಲ್ಲಿ ನೆಲೆಯೂರಿತು. ಆದರೆ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯೇ ಕಲಿಕೆಯ ಗುರಿಯಾಗಿದ್ದುದರಿಂದ, ಆರು ವರ್ಷ ಇಂಗ್ಲಿಷ್ ಓದಿಯೂ ವಿದ್ಯಾರ್ಥಿಗಳು ಮಾತನಾಡಲಾರರೆಂಬ ದೂರು ಸಾಮಾನ್ಯವಾಯಿತು. ಈ ಕೊರತೆಯನ್ನು ನೀಗಿಸಲು 1977ರಲ್ಲಿ ಅಮೆರಿಕನ್ನರಿಗಾಗಿ ಮತ್ತು 1978ರಲ್ಲಿ ಬ್ರಿಟಿಷರಿಗಾಗಿ ಪ್ರತ್ಯೇಕ ಸಣ್ಣ ಯೋಜನೆಗಳು ಆರಂಭವಾದವು. ಇವೆರಡೂ ಮುಂದೆ ಜೆಟ್ ಕಾರ್ಯಕ್ರಮದಲ್ಲಿ ವಿಲೀನಗೊಂಡವು.

ಜೆಟ್ ಕಾರ್ಯಕ್ರಮ

ಜಪಾನ್ ವಿನಿಮಯ ಮತ್ತು ಬೋಧನಾ ಕಾರ್ಯಕ್ರಮವನ್ನು ಸಂಕ್ಷಿಪ್ತವಾಗಿ 'ಜೆಟ್' ಎನ್ನಲಾಗುತ್ತದೆ. ಅಮೆರಿಕದೊಂದಿಗಿನ ವ್ಯಾಪಾರ ಘರ್ಷಣೆ ತೀವ್ರವಾಗಿದ್ದ ಕಾಲದಲ್ಲಿ, ಜಪಾನಿನ ಸ್ಥಳೀಯ ಸಮುದಾಯಗಳನ್ನು ಹೊರಜಗತ್ತಿಗೆ ತೆರೆಯುವ ಉದ್ದೇಶದಿಂದ ರೂಪುಗೊಂಡ ಈ ಕಾರ್ಯಕ್ರಮವು 1987ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳ 848 ಮಂದಿಯೊಂದಿಗೆ ಆರಂಭವಾಯಿತು. 2002ರ ವೇಳೆಗೆ ಭಾಗವಹಿಸುವವರ ಸಂಖ್ಯೆ 6,000ವನ್ನು ಮೀರಿತು. ಆರಂಭದಿಂದ ಇದುವರೆಗೆ 70,000ಕ್ಕೂ ಹೆಚ್ಚು ಜನರು ಇದರಡಿಯಲ್ಲಿ ಜಪಾನಿಗೆ ಬಂದಿದ್ದಾರೆ. ಮಾನವಶಾಸ್ತ್ರಜ್ಞ ಡೇವಿಡ್ ಮ್ಯಾಕಾನೆಲ್ 2000ರಲ್ಲಿ ಪ್ರಕಟಿಸಿದ ಅಧ್ಯಯನ ಗ್ರಂಥವು ಈ ಕಾರ್ಯಕ್ರಮದ ಕುರಿತ ಪ್ರಮುಖ ಆಕರಗಳಲ್ಲಿ ಒಂದು.

ಕಾರ್ಯಕ್ರಮದಲ್ಲಿ ಮೂರು ಬಗೆಯ ಹುದ್ದೆಗಳಿವೆ:

- ಸಹಾಯಕ ಭಾಷಾ ಶಿಕ್ಷಕ (ಎಎಲ್‌ಟಿ): ಶಾಲೆಗಳಲ್ಲಿ ಜಪಾನಿ ಶಿಕ್ಷಕರೊಂದಿಗೆ ಪಾಠ ಮಾಡುವವರು. ಭಾಗವಹಿಸುವವರಲ್ಲಿ ಶೇಕಡ 90ರಷ್ಟು ಇವರೇ.
- ಅಂತಾರಾಷ್ಟ್ರೀಯ ಸಂಬಂಧಗಳ ಸಂಯೋಜಕ (ಸಿಐಆರ್): ಸ್ಥಳೀಯ ಸರ್ಕಾರಿ ಕಚೇರಿಗಳಲ್ಲಿ ಅನುವಾದ ಮತ್ತು ವಿನಿಮಯ ಕೆಲಸ ಮಾಡುವವರು. ಇವರಿಗೆ ಜಪಾನಿ ಭಾಷಾಜ್ಞಾನ ಅಗತ್ಯ.
- ಕ್ರೀಡಾ ವಿನಿಮಯ ಸಲಹೆಗಾರ (ಎಸ್‌ಇಎ): ಕ್ರೀಡಾ ತರಬೇತಿ ನೀಡುವವರು. ಇವರ ಸಂಖ್ಯೆ ಅತ್ಯಲ್ಪ.

ಅಭ್ಯರ್ಥಿಗಳು ತಮ್ಮ ದೇಶದಲ್ಲಿರುವ ಜಪಾನ್ ರಾಯಭಾರ ಕಚೇರಿಯ ಮೂಲಕ ಅರ್ಜಿ ಸಲ್ಲಿಸಬೇಕು. ಸಹಾಯಕ ಶಿಕ್ಷಕರ ಹುದ್ದೆಗೆ ಯಾವುದೇ ವಿಷಯದಲ್ಲಿ ಪದವಿ ಸಾಕು. ಬೋಧನಾ ಅನುಭವ ಅಥವಾ ಜಪಾನಿ ಭಾಷೆಯ ಜ್ಞಾನ ಕಡ್ಡಾಯವಲ್ಲ. ಸಂದರ್ಶನದಲ್ಲಿ ಆಯ್ಕೆಯಾದವರು ಬೇಸಿಗೆಯಲ್ಲಿ ಜಪಾನಿಗೆ ತೆರಳುತ್ತಾರೆ. ಅಭ್ಯರ್ಥಿಯು ಸ್ಥಳದ ಆದ್ಯತೆಯನ್ನು ಸೂಚಿಸಬಹುದಾದರೂ ಅಂತಿಮ ನಿರ್ಧಾರ ಆತನದಲ್ಲ. ಅನೇಕರು ಗುಡ್ಡಗಾಡಿನ ಹಳ್ಳಿಗಳಿಗೆ, ದೂರದ ದ್ವೀಪಗಳಿಗೆ ನಿಯೋಜಿತರಾಗುತ್ತಾರೆ. ಕೇಂದ್ರ ಸರ್ಕಾರದ ಮೂರು ಸಚಿವಾಲಯಗಳು ಕಾರ್ಯಕ್ರಮದ ಹೊಣೆ ಹೊತ್ತಿದ್ದರೂ, ಕಾನೂನಿನ ದೃಷ್ಟಿಯಲ್ಲಿ ಉದ್ಯೋಗದಾತರು ಆಯಾ ಪ್ರಾಂತ, ನಗರ ಅಥವಾ ಪಟ್ಟಣದ ಆಡಳಿತಗಳು. ಆದುದರಿಂದ ಮನೆ ಬಾಡಿಗೆಯ ನೆರವು, ಕೆಲಸದ ಹೊರೆ, ಶಾಲೆಗಳ ಸಂಖ್ಯೆ ಮೊದಲಾದವು ಊರಿಂದ ಊರಿಗೆ ಬಹಳ ಭಿನ್ನವಾಗಿರುತ್ತವೆ. ಗುತ್ತಿಗೆ ಒಂದು ವರ್ಷದ್ದಾಗಿದ್ದು, ಉಭಯ ಪಕ್ಷಗಳು ಒಪ್ಪಿದರೆ ಒಟ್ಟು ಐದು ವರ್ಷಗಳವರೆಗೆ ನವೀಕರಿಸಬಹುದು. 2012ರಲ್ಲಿ ಜಾರಿಗೆ ಬಂದ ವೇತನ ಶ್ರೇಣಿಯಲ್ಲಿ ಮೊದಲ ವರ್ಷಕ್ಕೆ 33.6 ಲಕ್ಷ ಯೆನ್ ಮತ್ತು ನಾಲ್ಕನೆಯ ವರ್ಷಕ್ಕೆ 39.6 ಲಕ್ಷ ಯೆನ್ ನಿಗದಿಯಾಗಿತ್ತು.

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಲ್ಲಿ ಇಶಿನೊಮಾಕಿ ಹಾಗೂ ರಿಕುಜೆನ್‌ತಕಾತ ನಗರಗಳಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಅಮೆರಿಕನ್ ಜೆಟ್ ಶಿಕ್ಷಕರು ಮೃತಪಟ್ಟರು. ಇಶಿನೊಮಾಕಿಯ ಶಿಕ್ಷಕಿಯ ನೆನಪಿಗಾಗಿ ಅಲ್ಲಿನ ಶಾಲೆಗಳಲ್ಲಿ 'ಟೇಲರ್ ಬುಂಕೊ' ಎಂಬ ಇಂಗ್ಲಿಷ್ ಪುಸ್ತಕಗಳ ಓದುಮೂಲೆಗಳನ್ನು ತೆರೆಯಲಾಗಿದೆ.

ಉದ್ಯೋಗದ ಇತರ ಮಾರ್ಗಗಳು

ನೇರ ನೇಮಕಾತಿ ಮತ್ತು ಗುತ್ತಿಗೆ ಸಂಸ್ಥೆಗಳು

ಕೆಲವು ಶಿಕ್ಷಣ ಮಂಡಳಿಗಳು ಶಿಕ್ಷಕರನ್ನು ತಾವೇ ನೇಮಿಸಿಕೊಳ್ಳುತ್ತವೆ. ಇನ್ನು ಕೆಲವು ಖಾಸಗಿ ಸಂಸ್ಥೆಗಳ ಮೂಲಕ ಶಿಕ್ಷಕರನ್ನು ಪಡೆಯುತ್ತವೆ. ಎರಡನೆಯ ವಿಧಾನದಲ್ಲಿ 'ಹಾಕೆನ್' (ಕಾರ್ಮಿಕ ನಿಯೋಜನೆ) ಮತ್ತು 'ಗ್ಯೋಮು ಇತಾಕು' (ಕಾರ್ಯ ಗುತ್ತಿಗೆ) ಎಂಬ ಎರಡು ಬಗೆಗಳಿವೆ. ಕಾರ್ಯ ಗುತ್ತಿಗೆಯಲ್ಲಿ ಶಾಲೆಯವರು ಸಹಾಯಕ ಶಿಕ್ಷಕನಿಗೆ ನೇರವಾಗಿ ಸೂಚನೆ ನೀಡುವಂತಿಲ್ಲ. ಇಬ್ಬರು ಶಿಕ್ಷಕರು ಒಂದೇ ತರಗತಿಯಲ್ಲಿ ಕೂಡಿ ಪಾಠ ಮಾಡಬೇಕಾದಾಗ ಈ ನಿಯಮವನ್ನು ಪಾಲಿಸುವುದು ಬಹುತೇಕ ಅಸಾಧ್ಯವಾದ್ದರಿಂದ, ಇಂತಹ ಗುತ್ತಿಗೆಗಳು ಕಾನೂನಿಗೆ ವಿರುದ್ಧವೆಂಬ ಆಕ್ಷೇಪಗಳು ಕೇಳಿಬಂದಿವೆ. ಗುತ್ತಿಗೆ ಸಂಸ್ಥೆಗಳ ವೇತನವು ಸಾಮಾನ್ಯವಾಗಿ ಜೆಟ್‌ಗಿಂತ ಕಡಿಮೆ.

ಎಯ್‌ಕೈವಾ

ಇಂಗ್ಲಿಷ್ ಸಂಭಾಷಣೆಯನ್ನು ಕಲಿಸುವ ಖಾಸಗಿ ತರಬೇತಿ ಶಾಲೆಗಳನ್ನು 'ಎಯ್‌ಕೈವಾ' ಎನ್ನುತ್ತಾರೆ. ರೈಲು ನಿಲ್ದಾಣಗಳ ಸಮೀಪದಲ್ಲಿ ಕಂಡುಬರುವ ಈ ಶಾಲೆಗಳಿಗೆ ಕಚೇರಿ ನೌಕರರು, ಗೃಹಿಣಿಯರು, ನಿವೃತ್ತರು ಮತ್ತು ಮಕ್ಕಳು ಬರುತ್ತಾರೆ. ಕಲಿಯುವವರ ಬಿಡುವಿಗೆ ಅನುಗುಣವಾಗಿ ತರಗತಿಗಳು ಸಂಜೆ ಮತ್ತು ವಾರಾಂತ್ಯದಲ್ಲಿ ಹೆಚ್ಚಾಗಿರುತ್ತವೆ. ಇಲ್ಲಿನ ಪೂರ್ಣಾವಧಿ ಶಿಕ್ಷಕರ ಆರಂಭಿಕ ಸಂಬಳವು ದೀರ್ಘಕಾಲದವರೆಗೆ ತಿಂಗಳಿಗೆ ಸುಮಾರು 2.5 ಲಕ್ಷ ಯೆನ್ ಆಗಿತ್ತು.

1981ರಲ್ಲಿ ಒಸಾಕಾದಲ್ಲಿ ಆರಂಭವಾಗಿ ದೇಶದ ಅತಿ ದೊಡ್ಡ ಎಯ್‌ಕೈವಾ ಸರಪಳಿಯಾಗಿ ಬೆಳೆದ ನೋವಾ, 2007ರ ಅಕ್ಟೋಬರ್‌ನಲ್ಲಿ ಕುಸಿದುಬಿದ್ದಿತು. ಮುಂಗಡ ಶುಲ್ಕದ ಮರುಪಾವತಿಗೆ ಸಂಬಂಧಿಸಿದಂತೆ ಅದೇ ವರ್ಷ ಸರ್ವೋಚ್ಚ ನ್ಯಾಯಾಲಯದ ತೀರ್ಪು ಸಂಸ್ಥೆಗೆ ವಿರುದ್ಧವಾಗಿ ಬಂದಿತ್ತು. ಆ ಬಳಿಕ ಸರ್ಕಾರವು ಅದರ ವ್ಯವಹಾರದ ಒಂದು ಭಾಗವನ್ನು ಆರು ತಿಂಗಳ ಕಾಲ ನಿರ್ಬಂಧಿಸಿತು. ಸಾವಿರಾರು ವಿದೇಶಿ ಶಿಕ್ಷಕರು ಸಂಬಳವಿಲ್ಲದೆ ಉಳಿದರು. ಮನೆ ಬಾಡಿಗೆಯನ್ನು ಸಂಸ್ಥೆಯೇ ಸಂಬಳದಲ್ಲಿ ಕಡಿತಗೊಳಿಸಿ ಮನೆ ಮಾಲೀಕರಿಗೆ ಪಾವತಿಸಬೇಕಾಗಿತ್ತು. ಹಣ ತಲುಪದ ಕಾರಣ ಹಲವರಿಗೆ ಮನೆ ತೆರವುಗೊಳಿಸುವ ಸೂಚನೆ ಬಂದಿತೆಂದು ವರದಿಯಾಯಿತು. ಕೆಲವು ಶಿಕ್ಷಕರು ತಮ್ಮ ಹಳೆಯ ವಿದ್ಯಾರ್ಥಿಗಳಿಗೆ ಊಟಕ್ಕೆ ಪ್ರತಿಯಾಗಿ ಪಾಠ ಹೇಳಿದ ಸುದ್ದಿ ಅಂತಾರಾಷ್ಟ್ರೀಯ ಮಾಧ್ಯಮಗಳಲ್ಲಿ ಪ್ರಕಟವಾಯಿತು. ದಿವಾಳಿಯಾದ ಸಂಸ್ಥೆಗಳ ನೌಕರರಿಗೆ ಬಾಕಿ ಸಂಬಳದ ಶೇಕಡ 80ರವರೆಗೆ ಮುಂಗಡವಾಗಿ ನೀಡುವ ಸರ್ಕಾರಿ ವ್ಯವಸ್ಥೆ ಜಪಾನಿನಲ್ಲಿದ್ದು, ಅದು ವಿದೇಶಿಯರಿಗೂ ಅನ್ವಯಿಸುತ್ತದೆ. ನೋವಾ ಹೆಸರಿನ ಶಾಲೆಗಳು ಬಳಿಕ ಬೇರೆ ಒಡೆತನದಲ್ಲಿ ಮುಂದುವರಿದವು. 2010ರಲ್ಲಿ ಜಿಯೋಸ್ ಎಂಬ ಮತ್ತೊಂದು ದೊಡ್ಡ ಸರಪಳಿಯೂ ದಿವಾಳಿಯಾಯಿತು.

ವಿಶ್ವವಿದ್ಯಾಲಯಗಳು

1982ರ ಕಾನೂನಿನ ಮೂಲಕ ರಾಷ್ಟ್ರೀಯ ಮತ್ತು ಸಾರ್ವಜನಿಕ ವಿಶ್ವವಿದ್ಯಾಲಯಗಳು ವಿದೇಶಿಯರನ್ನು ಪೂರ್ಣ ಪ್ರಮಾಣದ ಪ್ರಾಧ್ಯಾಪಕರನ್ನಾಗಿ ನೇಮಿಸಲು ಅವಕಾಶ ದೊರೆಯಿತು. ಈ ಹುದ್ದೆಗಳಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಮತ್ತು ಪ್ರಕಟಿತ ಬರಹಗಳು ಬೇಕು. ಆದರೆ ವಿದೇಶಿ ಭಾಷಾ ಬೋಧಕರಲ್ಲಿ ಅನೇಕರು ಇಂದಿಗೂ ಅವಧಿ ನಿಗದಿಯಾದ ಅಥವಾ ಅರೆಕಾಲಿಕ ಹುದ್ದೆಗಳಲ್ಲಿಯೇ ಇದ್ದಾರೆ.

ತರಗತಿಯ ಸ್ವರೂಪ

ಸಹಾಯಕ ಶಿಕ್ಷಕರು ಸಾಮಾನ್ಯವಾಗಿ ಜಪಾನಿನ ಬೋಧನಾ ಪರವಾನಗಿಯನ್ನು ಹೊಂದಿರುವುದಿಲ್ಲ. ಆದ್ದರಿಂದ ಪರವಾನಗಿ ಇರುವ ಜಪಾನಿ ಶಿಕ್ಷಕರೇ ತರಗತಿಯ ಹೊಣೆಗಾರರಾಗಿದ್ದು, ಇಬ್ಬರೂ ಕೂಡಿ ಪಾಠ ಮಾಡುವ 'ಜೋಡಿ ಬೋಧನೆ' ರೂಢಿಯಲ್ಲಿದೆ. ಜೋಡಿಯ ಯಶಸ್ಸು ಇಬ್ಬರ ಹೊಂದಾಣಿಕೆಯನ್ನು ಅವಲಂಬಿಸಿದೆ. ಕೆಲವೆಡೆ ಸಹಾಯಕ ಶಿಕ್ಷಕನೇ ಪಾಠವನ್ನು ಯೋಜಿಸಿದರೆ, ಇನ್ನು ಕೆಲವೆಡೆ ಪಠ್ಯವನ್ನು ಗಟ್ಟಿಯಾಗಿ ಓದುವುದಷ್ಟೇ ಆತನ ಕೆಲಸವಾಗಿರುತ್ತದೆ. ಇಂತಹ ಪಾತ್ರವನ್ನು ಶಿಕ್ಷಕರು 'ಮಾನವ ಟೇಪ್ ರೆಕಾರ್ಡರ್' ಎಂದು ವ್ಯಂಗ್ಯವಾಗಿ ಕರೆಯುತ್ತಾರೆ. ಪ್ರವೇಶ ಪರೀಕ್ಷೆ ಸಮೀಪಿಸಿದಂತೆ ಸಂಭಾಷಣೆಯ ಪಾಠಗಳು ಕಡಿಮೆಯಾಗುವುದೂ ಸಾಮಾನ್ಯ.

ಪ್ರಾಥಮಿಕ ಶಾಲೆಗಳಲ್ಲಿ ಪರಿಸ್ಥಿತಿ ಬೇರೆಯಾಗಿದೆ. 2011ರಲ್ಲಿ 5 ಮತ್ತು 6ನೆಯ ತರಗತಿಗಳಿಗೆ ವಿದೇಶಿ ಭಾಷಾ ಚಟುವಟಿಕೆಗಳನ್ನು ಕಡ್ಡಾಯಗೊಳಿಸಲಾಯಿತು. 2020ರಿಂದ ಈ ತರಗತಿಗಳಲ್ಲಿ ಇಂಗ್ಲಿಷ್ ಅಧಿಕೃತ ವಿಷಯವಾಗಿದ್ದು, ಚಟುವಟಿಕೆಗಳು 3 ಮತ್ತು 4ನೆಯ ತರಗತಿಗಳಿಗೆ ವಿಸ್ತರಿಸಿವೆ. ಪ್ರಾಥಮಿಕ ಶಾಲೆಯ ತರಗತಿ ಶಿಕ್ಷಕರು ಹೆಚ್ಚಾಗಿ ಇಂಗ್ಲಿಷ್ ತಜ್ಞರಲ್ಲದ ಕಾರಣ ಸಹಾಯಕ ಶಿಕ್ಷಕರ ಮೇಲಿನ ಅವಲಂಬನೆ ಹೆಚ್ಚಿದೆ.

ಪಾಠದ ಹೊರತಾಗಿ, ಶಾಲೆಯ ದೈನಂದಿನ ಜೀವನದಲ್ಲಿ ಬೆರೆಯುವುದೂ ಶಿಕ್ಷಕರಿಂದ ನಿರೀಕ್ಷಿತವಾಗಿದೆ. ಎಲ್ಲ ಶಿಕ್ಷಕರು ಒಂದೇ ದೊಡ್ಡ ಕೊಠಡಿಯಲ್ಲಿ ಕುಳಿತುಕೊಳ್ಳುತ್ತಾರೆ. ಮಕ್ಕಳೊಂದಿಗೆ ಶಾಲೆಯ ಮಧ್ಯಾಹ್ನದ ಊಟ ಮಾಡುವುದು, ಮಕ್ಕಳೇ ಶಾಲೆಯನ್ನು ಗುಡಿಸಿ ಒರೆಸುವ ಸಮಯದಲ್ಲಿ ಜೊತೆಗೂಡುವುದು, ಕ್ರೀಡಾದಿನ ಮತ್ತು ಸಾಂಸ್ಕೃತಿಕ ಉತ್ಸವಗಳಲ್ಲಿ ಪಾಲ್ಗೊಳ್ಳುವುದು ಇದರ ಭಾಗಗಳು. ಭಾಷೆ ಬಾರದ ಊರಿನಲ್ಲಿ ಒಂಟಿತನವನ್ನು ನೀಗಿಸಿಕೊಳ್ಳಲು ಇಂತಹ ಸಂದರ್ಭಗಳು ನೆರವಾಗುತ್ತವೆ.

ವೀಸಾ ಮತ್ತು ವಾಸ

ಇಂಗ್ಲಿಷ್ ಶಿಕ್ಷಕರಿಗೆ ಕೆಲಸದ ಸ್ಥಳಕ್ಕೆ ತಕ್ಕಂತೆ ಮೂರು ಬಗೆಯ ವಾಸದ ಸ್ಥಾನಮಾನಗಳಿವೆ: ಶಾಲೆಗಳಿಗೆ 'ಬೋಧಕ', ಭಾಷಾ ಸಂಸ್ಥೆಗಳಿಗೆ 'ಮಾನವಿಕ ಮತ್ತು ಅಂತಾರಾಷ್ಟ್ರೀಯ ಸೇವೆಗಳ ತಜ್ಞ' ವರ್ಗ, ವಿಶ್ವವಿದ್ಯಾಲಯಗಳಿಗೆ 'ಪ್ರಾಧ್ಯಾಪಕ'. ಒಂದು ವರ್ಗದಿಂದ ಮತ್ತೊಂದು ವರ್ಗದ ಕೆಲಸಕ್ಕೆ ಹೋಗುವವರು ವಲಸೆ ಇಲಾಖೆಯ ಅನುಮತಿ ಪಡೆಯಬೇಕು. 2012ರ ಜುಲೈನಿಂದ ದೀರ್ಘಾವಧಿಯ ವಿದೇಶಿ ನಿವಾಸಿಗಳಿಗೆ ವಾಸದ ಕಾರ್ಡು ನೀಡಲಾಗುತ್ತಿದ್ದು, ಅದನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳುವುದು ಕಡ್ಡಾಯ.

ಸ್ವಂತವಾಗಿ ಬಾಡಿಗೆ ಮನೆ ಪಡೆಯುವುದು ಹೊಸಬರಿಗೆ ಕಷ್ಟಕರ. ಠೇವಣಿಯ ಜೊತೆಗೆ 'ರೆಯ್‌ಕಿನ್' ಎಂಬ, ಮರಳಿ ಬಾರದ ಕಾಣಿಕೆಯನ್ನು ಮನೆ ಮಾಲೀಕರಿಗೆ ನೀಡುವ ಪದ್ಧತಿ ಹಲವೆಡೆ ಇದೆ. ಜಾಮೀನುದಾರರು ಅಥವಾ ಜಾಮೀನು ಸಂಸ್ಥೆಯೂ ಬೇಕಾಗುತ್ತದೆ. ಈ ಕಾರಣದಿಂದ ಅನೇಕರು ಉದ್ಯೋಗದಾತರು ಒದಗಿಸುವ ಮನೆಯನ್ನೇ ಒಪ್ಪಿಕೊಳ್ಳುತ್ತಾರೆ. ಆಗ ಉದ್ಯೋಗ ಹೋದರೆ ಮನೆಯೂ ಹೋಗುವ ಸಾಧ್ಯತೆ ಇರುತ್ತದೆ.

ಆರೋಗ್ಯ ವಿಮೆ ಮತ್ತು ಪಿಂಚಣಿ ಯೋಜನೆಗೆ ವಿದೇಶಿಯರೂ ವಂತಿಗೆ ನೀಡಬೇಕು. ಕನಿಷ್ಠ ಆರು ತಿಂಗಳು ವಂತಿಗೆ ಪಾವತಿಸಿ ದೇಶ ತೊರೆದವರು ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸಿ ಇಡಿಗಂಟಿನ ರೂಪದಲ್ಲಿ ಒಂದು ಭಾಗವನ್ನು ಹಿಂಪಡೆಯಬಹುದು. ಲೆಕ್ಕಕ್ಕೆ ತೆಗೆದುಕೊಳ್ಳುವ ಗರಿಷ್ಠ ಅವಧಿಯನ್ನು 2021ರಲ್ಲಿ 36 ತಿಂಗಳಿಂದ 60 ತಿಂಗಳಿಗೆ ಏರಿಸಲಾಯಿತು.

ಕಾರ್ಮಿಕ ಹಕ್ಕುಗಳು

ನೌಕರರ ಆರೋಗ್ಯ ವಿಮೆ ಮತ್ತು ಪಿಂಚಣಿಯಲ್ಲಿ ಅರ್ಧದಷ್ಟು ವಂತಿಗೆಯನ್ನು ಉದ್ಯೋಗದಾತರು ಭರಿಸಬೇಕು. ಪೂರ್ಣಾವಧಿ ನೌಕರರ ಕೆಲಸದ ಅವಧಿಯ ನಾಲ್ಕನೆಯ ಮೂರು ಭಾಗಕ್ಕಿಂತ ಹೆಚ್ಚು ದುಡಿಯುವವರಿಗೆ ಇದು ಅನ್ವಯಿಸುತ್ತದೆ. ಈ ಹೊರೆಯನ್ನು ತಪ್ಪಿಸಲು ಕೆಲವು ಉದ್ಯೋಗದಾತರು ಗುತ್ತಿಗೆಯಲ್ಲಿ ವಾರಕ್ಕೆ 29.5 ಗಂಟೆಗಳನ್ನು ಮಾತ್ರ ತೋರಿಸುತ್ತಾರೆಂದು ಕಾರ್ಮಿಕ ಸಂಘಗಳು ಆರೋಪಿಸಿವೆ. 1991ರಲ್ಲಿ ಒಸಾಕಾದಲ್ಲಿ ಸ್ಥಾಪನೆಯಾದ ಜನರಲ್ ಯೂನಿಯನ್ ಮತ್ತು ಟೋಕಿಯೊದ ತೋಜೆನ್ ಭಾಷಾ ಶಿಕ್ಷಕರನ್ನು ಸಂಘಟಿಸಿದ ಪ್ರಮುಖ ಸಂಘಗಳು. ವಿದೇಶಿಯರಿಗೂ ಸಂಘ ಸೇರುವ ಹಾಗೂ ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕು ಜಪಾನಿನಲ್ಲಿ ಇದೆ.

2013ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಗುತ್ತಿಗೆ ಕಾಯಿದೆಯ ತಿದ್ದುಪಡಿಯ ಪ್ರಕಾರ, ಒಂದೇ ಉದ್ಯೋಗದಾತರ ಬಳಿ ಐದು ವರ್ಷಗಳಿಗಿಂತ ಹೆಚ್ಚು ಕಾಲ ಅವಧಿ ಗುತ್ತಿಗೆಯಲ್ಲಿ ದುಡಿದವರು ಅನಿರ್ದಿಷ್ಟಾವಧಿ ಉದ್ಯೋಗವನ್ನು ಕೇಳಬಹುದು. ವಿಶ್ವವಿದ್ಯಾಲಯಗಳ ಬೋಧಕರು ಮತ್ತು ಸಂಶೋಧಕರಲ್ಲಿ ಹಲವರಿಗೆ ಈ ಅವಧಿಯನ್ನು ಹತ್ತು ವರ್ಷಕ್ಕೆ ವಿಸ್ತರಿಸಲಾಗಿದೆ. ಭದ್ರತೆ ನೀಡಲೆಂದು ಬಂದ ಈ ನಿಯಮದ ಫಲವಾಗಿ, ಗಡುವಿಗೆ ಮುನ್ನವೇ ಗುತ್ತಿಗೆಯನ್ನು ಕೊನೆಗೊಳಿಸುವ ಪ್ರವೃತ್ತಿಯೂ ಕಂಡುಬಂದಿದೆ.

ಭಾರತೀಯ ಶಿಕ್ಷಕರು

ದೀರ್ಘಕಾಲದವರೆಗೆ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳವರಿಗೆ ಆದ್ಯತೆ ದೊರೆಯುತ್ತಿತ್ತು. ಹುಟ್ಟಿನಿಂದ ಇಂಗ್ಲಿಷ್ ಮಾತನಾಡುವವರೇ ಉತ್ತಮ ಶಿಕ್ಷಕರೆಂಬ ನಂಬಿಕೆಯನ್ನು ಭಾಷಾ ಬೋಧನಾ ತಜ್ಞ ಆಡ್ರಿಯನ್ ಹಾಲಿಡೇ 'ನೇಟಿವ್ ಸ್ಪೀಕರಿಸಂ' ಎಂದು ಹೆಸರಿಸಿ ಟೀಕಿಸಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಫಿಲಿಪ್ಪೀನ್ಸ್‌ನಂತಹ ಏಷ್ಯಾದ ದೇಶಗಳ ಶಿಕ್ಷಕರ ಸಂಖ್ಯೆ ಹೆಚ್ಚಿದೆ. ಜೆಟ್ ಕಾರ್ಯಕ್ರಮದಲ್ಲಿ ಭಾರತೀಯರೂ ಭಾಗವಹಿಸಿದ್ದಾರೆ. ಆದರೆ ಅವರ ಸಂಖ್ಯೆ ಸಣ್ಣದು.

'ಬೋಧಕ' ವೀಸಾದಲ್ಲಿ ಸಹಾಯಕ ಶಿಕ್ಷಕರಾಗಿ ವಿದೇಶಿ ಭಾಷೆ ಕಲಿಸುವವರು ಸಾಮಾನ್ಯವಾಗಿ ಅದೇ ಭಾಷೆಯಲ್ಲಿ ಕನಿಷ್ಠ 12 ವರ್ಷ ಶಿಕ್ಷಣ ಪಡೆದಿರಬೇಕು. ಈ ನಿಯಮವು ಭಾರತೀಯ ಅಭ್ಯರ್ಥಿಗಳಿಗೆ ವಿಶೇಷವಾಗಿ ಮುಖ್ಯ. ಬಾಲ್ಯದಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಶಾಲಾ ದಾಖಲೆಗಳ ಮೂಲಕ ಇದನ್ನು ದೃಢಪಡಿಸಬಹುದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಪೂರ್ವ ಮತ್ತು ಮೂರು ವರ್ಷದ ಪದವಿ ಶಿಕ್ಷಣವನ್ನು ಇಂಗ್ಲಿಷಿನಲ್ಲಿ ಪೂರೈಸಿದ ಅಭ್ಯರ್ಥಿಗೆ ಐದು ವರ್ಷಗಳು ಮಾತ್ರ ಲೆಕ್ಕಕ್ಕೆ ಸಿಗುತ್ತವೆ; ಆತನ ಇಂಗ್ಲಿಷ್ ಎಷ್ಟೇ ಉತ್ತಮವಾಗಿದ್ದರೂ ಈ ಕೊರತೆ ಉಳಿಯುತ್ತದೆ.

ಟೋಕಿಯೊದ ಎದೊಗಾವಾ ಪ್ರದೇಶದ ನಿಶಿ-ಕಸಾಯಿ ಸುತ್ತಮುತ್ತ ಭಾರತೀಯ ತಂತ್ರಜ್ಞರ ದೊಡ್ಡ ಸಮುದಾಯವಿದೆ. ಟೋಕಿಯೊದಲ್ಲಿ 2004ರಿಂದೀಚೆಗೆ ಆರಂಭವಾದ ಭಾರತೀಯ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವಿದ್ದು, ಕೆಲವು ಜಪಾನಿ ಪೋಷಕರೂ ತಮ್ಮ ಮಕ್ಕಳನ್ನು ಇಲ್ಲಿಗೆ ಸೇರಿಸುತ್ತಾರೆ. ಇವು ಭಾರತೀಯ ಶಿಕ್ಷಕರಿಗೆ ಉದ್ಯೋಗದ ಮತ್ತೊಂದು ಮಾರ್ಗವಾಗಿವೆ. ಭಾರತ ಮತ್ತು ಜಪಾನ್ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದವು 2016ರ ಅಕ್ಟೋಬರ್ 1ರಂದು ಜಾರಿಗೆ ಬಂದಿದ್ದು, ಎರಡೂ ದೇಶಗಳಲ್ಲಿ ಪಿಂಚಣಿಗಾಗಿ ವಂತಿಗೆ ನೀಡಿದ ಅವಧಿಗಳನ್ನು ಅರ್ಹತೆಗಾಗಿ ಒಟ್ಟುಗೂಡಿಸಲು ಅವಕಾಶ ಕಲ್ಪಿಸಿದೆ. ಇಡಿಗಂಟು ಹಿಂಪಡೆದವರಿಗೆ ಆ ಅವಧಿಯ ಲೆಕ್ಕ ಸಿಗುವುದಿಲ್ಲ.

ಪ್ರಭಾವ

ವಿದೇಶಿ ಶಿಕ್ಷಕರಿಂದ ಜಪಾನಿ ವಿದ್ಯಾರ್ಥಿಗಳ ಇಂಗ್ಲಿಷ್ ಎಷ್ಟು ಸುಧಾರಿಸಿದೆ ಎಂಬುದರ ಬಗ್ಗೆ ಒಮ್ಮತವಿಲ್ಲ. ಪರೀಕ್ಷಾ ಪದ್ಧತಿ ಬದಲಾಗದೆ ಸಹಾಯಕ ಶಿಕ್ಷಕರನ್ನು ಹೆಚ್ಚಿಸುವುದರಿಂದ ಪ್ರಯೋಜನ ಸೀಮಿತವೆಂಬ ವಾದವಿದೆ. ಹೊರದೇಶದವರನ್ನು ಎಂದೂ ಕಂಡಿರದ ಹಳ್ಳಿಯ ಮಕ್ಕಳಿಗೆ ಅವರೊಂದಿಗೆ ಮಾತನಾಡುವ ಸಂಕೋಚ ದೂರವಾಗುವುದೇ ದೊಡ್ಡ ಲಾಭವೆಂಬ ವಾದವೂ ಇದೆ. ಜಪಾನಿನಲ್ಲಿ ಕೆಲಸ ಮಾಡಿ ಸ್ವದೇಶಕ್ಕೆ ಮರಳಿದವರಲ್ಲಿ ಹಲವರು ರಾಜತಾಂತ್ರಿಕರು, ಅನುವಾದಕರು ಮತ್ತು ಜಪಾನ್ ಕುರಿತ ವಿದ್ವಾಂಸರಾಗಿದ್ದಾರೆ. ಜೆಟ್‌ನ ಹಳೆಯ ಸದಸ್ಯರ ಸಂಘಗಳು ಅನೇಕ ದೇಶಗಳಲ್ಲಿ ಕಾರ್ಯನಿರ್ವಹಿಸುತ್ತಿವೆ. ಹರ್ನ್ ವಾಸಿಸಿದ್ದ ಮಾತ್ಸುಎಯ ಮನೆಯನ್ನು ಸಂರಕ್ಷಿಸಲಾಗಿದ್ದು, ಅದರ ಪಕ್ಕದಲ್ಲಿ ಆತನ ಸ್ಮಾರಕ ವಸ್ತುಸಂಗ್ರಹಾಲಯವಿದೆ.

ಇವನ್ನೂ ನೋಡಿ

- ಲಫ್ಕಾಡಿಯೊ ಹರ್ನ್
- ಮೇಜಿ ಪುನಃಸ್ಥಾಪನೆ
- ಜಪಾನಿನ ಶಿಕ್ಷಣ ವ್ಯವಸ್ಥೆ
- ಅನಿವಾಸಿ ಭಾರತೀಯರು